ಅರಳಿಮರಕ್ಕೆ ಮೊದಲ ಏಟು

ಚಂಡಮಾರುತ ದಡ ಮುಟ್ಟಿದ್ದು ಚೆನ್ನೈ ಆಚೆ ಎಲ್ಲೋ. ಟಿವಿಯಲ್ಲಿ ತೋರಿಸಿದ್ದೂ ಅಲ್ಲಿಯದನ್ನೇ: ಮಗುಚಿಬಿದ್ದ ದೋಣಿಗಳು, ಮಲಗಿಹೋದ ಭತ್ತದ ಗದ್ದೆ, ಸೊಂಟದ ಮಟ್ಟದ ನೀರಿನಲ್ಲಿ ತಲೆಯ ಮೇಲೆ ಪಾತ್ರೆ ಹೊತ್ತು ಬರುವ ಹೆಂಗಸರು. ಯಡಿಯೂರಿಗೆ ಬಂದದ್ದು ಅದರ ಬಾಲ ಮಾತ್ರ. ಹಗಲಿರುಳು ನಿಲ್ಲದ ಜಿಟಿಜಿಟಿ ಮಳೆ, ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ತುಂಬಿಕೊಂಡ ಮುಗ್ಗಲು ವಾಸನೆ, ಆಗಾಗ ಎಲ್ಲಿಂದಲೋ ನುಗ್ಗಿ ಬಾಗಿಲು ಬಡಿದುಹೋಗುವ ಗಾಳಿ. ಆ ಬಾಲವೇ ಕೆರೆಯ ಹಿಂದಿನ ಬೀದಿಯ ಅರಳಿಮರವನ್ನು ಬುಡಸಮೇತ ಕೆಡವಿತ್ತು.

ಮರ ಬಿದ್ದದ್ದು ಬೋರಣ್ಣನ ಮನೆಯ ಮೇಲಲ್ಲ. ಪಕ್ಕದಲ್ಲಿ ಅವನು ಬಾಡಿಗೆಗೆ ಕೊಟ್ಟಿದ್ದ ಎರಡು ಶೀಟಿನ ಕೋಣೆಗಳ ಮೇಲೆ. ಅಲ್ಲಿದ್ದ ಯಲ್ಲವ್ವ ಆ ಹೊತ್ತಿಗೆ ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿ ಹುಡುಗರಿಗೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಗಂಡ ಭೀಮಪ್ಪ ಸೆಕ್ಯುರಿಟಿ ಡ್ಯೂಟಿಯಲ್ಲಿದ್ದ. ಹಾಗಾಗಿ ಜೀವ ಉಳಿಯಿತು. ದೇವರು ದೊಡ್ಡವನು ಎಂದು ಬೀದಿಯವರೆಲ್ಲ ಬಂದು ಹೇಳಿ ಹೋದರು. ಬೋರಣ್ಣನ ಹೆಂಡತಿ ಲಕ್ಷ್ಮಿದೇವಮ್ಮನಿಗೆ ಆ ಮಾತು ಯಾಕೋ ಒಗ್ಗಲಿಲ್ಲ. ಬಿದ್ದಿರುವುದೂ ದೇವರೇ ಅಲ್ಲವೇ ಅನಿಸಿತು. ಅನಿಸಿದ ಕೂಡಲೇ ತಪ್ಪಾಯಿತೆಂದು ಕೆನ್ನೆ ಮುಟ್ಟಿಕೊಂಡಳು.

ಆ ಮರದ ಕಟ್ಟೆಗೆ ದೀಪ ಹಚ್ಚುವುದು ಹಿಂದಿನಿಂದಲೂ ಅವರ ಮನೆಯದು. ಸುತ್ತಲೂ ಇವರ ರಾಗಿ ಹೊಲವಿದ್ದ ಕಾಲದಿಂದ ನಡೆದುಬಂದದ್ದು. ಹೊಲ ಸೈಟಾಯಿತು, ಸೈಟು ಮನೆಯಾಯಿತು, ದೀಪ ಮಾತ್ರ ಉಳಿಯಿತು. ಲಕ್ಷ್ಮಿದೇವಮ್ಮ ಮದುವೆಯಾಗಿ ಬಂದ ಮರುದಿನ ಅತ್ತೆ ಅವಳ ಕೈಗೆ ಎಣ್ಣೆ ಬಟ್ಟಲು ಕೊಟ್ಟಿದ್ದರು. ಅಂದಿನಿಂದ ಜ್ವರ ಬಂದಾಗಲೂ ಅವಳು ದೀಪ ತಪ್ಪಿಸಿದವಳಲ್ಲ. ತಪ್ಪಿದರೆ ಏನಾಗುತ್ತದೋ ಎಂಬ ಅಳುಕಿಗೇ ಅರ್ಧ ಹಚ್ಚುತ್ತಿದ್ದಳು. ಉಳಿದರ್ಧ ಭಕ್ತಿಯಿರಬೇಕು ಎಂದುಕೊಳ್ಳುತ್ತಿದ್ದಳು.

ಈಗ ಯಲ್ಲವ್ವ, ಭೀಮಪ್ಪ ಇಬ್ಬರೂ ಇವರ ನಡುಮನೆಯಲ್ಲಿ ಮಲಗುತ್ತಿದ್ದರು. ಯಲ್ಲವ್ವ ಸುಮ್ಮನೆ ಕೂರುವವಳಲ್ಲ. ಬೆಳಿಗ್ಗೆ ಎದ್ದು ಹೇಳದೆಯೇ ಪಾತ್ರೆ ತೊಳೆಯುತ್ತಿದ್ದಳು, ನಡುಮನೆ ಗುಡಿಸುತ್ತಿದ್ದಳು. ಅವಳು ಪೊರಕೆ ಹಿಡಿದಾಗೆಲ್ಲ ಲಕ್ಷ್ಮಿದೇವಮ್ಮ ಬಂದು ಅದನ್ನು ಕಸಿದುಕೊಳ್ಳಲು ನೋಡುತ್ತಿದ್ದಳು.

"ಇಡವ್ವ ಅದನ್ನ, ನೀನ್ಯಾಕೆ ಮಾಡ್ತೀಯ?"

"ಇರ್‍ಲಿ ಬಿಡ್ರಿ ಅಮ್ಮಾರ. ನಿಮ್ಮ ದೇವ್ರು ನಮ್ಮನ್ಯಾಗ ಬಂದು ಮಲ್ಕೊಂಡಾನ. ನಾವು ನಿಮ್ಮನ್ಯಾಗ ಬಂದು ಮಲ್ಕೊಂಡೀವಿ. ಲೆಕ್ಕ ಸಮ ಆತು."

ಯಲ್ಲವ್ವ ನಗುತ್ತಲೇ ಹೇಳಿದಳು. ಆಮೇಲೆ ನಗು ನಿಲ್ಲಿಸಿ ಕೈ ಒರೆಸಿಕೊಂಡಳು.

"ಒಂದು ಮಾತ್ರೀ. ಜ್ವಾಳ ಬಿಸಿ ಆಗೇತಿ."

"ಬಿಸಿನಾ?"

"ಕಿಟಕ್ಯಾಗ ಕೈ ಹಾಕಿ ಚೀಲ ಮುಟ್ಟಿ ನೋಡಿದೆ. ತೊಯ್ದ ಜ್ವಾಳ ಒಳಗ ಕುದೀಲಿಕ್ಕತ್ತೈತಿ. ಹಿಂಗ ಬಿಟ್ರ ದನಾನೂ ಮೂಸಂಗಿಲ್ಲ."

ಯಲ್ಲವ್ವನ ಊರಿನ ಹೊಲದಲ್ಲಿ ಬೆಳೆದು, ಬಸ್ಸಿನ ಮೇಲೆ ಹಾಕಿ ತಂದ ಜೋಳ. ಹೊಸ ಬೆಳೆ ಕೈಗೆ ಬರುವುದು ಶಿವರಾತ್ರಿಯ ಹೊತ್ತಿಗೆ. ಅಲ್ಲಿಯವರೆಗೆ ಅವರ ಊಟ, ಅವಳು ಸುತ್ತಲಿನ ಮನೆಗಳಿಗೆ ಮಾಡಿಕೊಡುವ ಕಡಕ್ ರೊಟ್ಟಿ, ಎಲ್ಲ ಆ ಚೀಲಗಳಲ್ಲೇ ಇತ್ತು. ಒಡೆದ ಶೀಟಿನಿಂದ ಮಳೆ ನೇರ ಅವುಗಳ ಮೇಲೆ ಸುರಿಯುತ್ತಿತ್ತು. ಬಾಗಿಲಿಗೆ ಅಡ್ಡವಾಗಿ ಮನುಷ್ಯ ತಬ್ಬಿದರೂ ಕೈಗೆ ಸಿಗದಂಥ ಕೊಂಬೆ ಬಿದ್ದಿತ್ತು. ಅದನ್ನು ಕತ್ತರಿಸದೆ ಒಳಗೆ ಹೋಗುವ ದಾರಿ ಇರಲಿಲ್ಲ.

ಕತ್ತರಿಸುವವರೂ ಬಂದಿದ್ದರು. ಉಗ್ರಪ್ಪ ಎಂಬ ಮೇಸ್ತ್ರಿ ನಾಲ್ಕು ಜನರನ್ನೂ ಮರ ಕೊಯ್ಯುವ ಮಿಷಿನ್ನನ್ನೂ ತಂದು, ಮರ ನೋಡಿ, ಟೀ ಕುಡಿದು, ಗಾಡಿಯಲ್ಲೇ ಕೂತಿದ್ದ.

"ಅರಳಿಮರ ಅಮ್ಮ ಇದು. ಪೂಜೆ ನಡೆಯೋ ಮರ. ನಾವು ಮೊದಲು ಕೈ ಹಾಕಲ್ಲ. ದೀಪ ಹಚ್ಚೋ ಮನೆಯವರು ಒಂದೇಟು ಹಾಕ್ಕೊಡಿ, ಆಮೇಲೆ ಅರ್ಧ ದಿನದ ಕೆಲಸ."

ಲಕ್ಷ್ಮಿದೇವಮ್ಮನ ಸೊಸೆ ಬಿಂದುಶ್ರೀ ಮಹಡಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ತುಂಬಿದ ಹೊಟ್ಟೆ, ಒಂದು ಕೈ ಸೊಂಟದ ಮೇಲೆ.

"ಹಾಗಂತ ರೂಲ್ಸ್ ಇದ್ಯಾ?"

"ರೂಲ್ಸಲ್ಲ ಮೇಡಂ. ನಮಗೂ ಮಕ್ಕಳವೆ."

ತೊಡಕು ಇದ್ದದ್ದು ಆ ಹೊಟ್ಟೆಯಲ್ಲೇ. ಬಸುರಿ ಇರುವ ಮನೆಯವರು ಹಸಿಮರಕ್ಕೆ ಕೊಡಲಿ ಹಾಕಬಾರದು. ಕೇಳಿದವರೆಲ್ಲ ಅದನ್ನೇ ಹೇಳಿದ್ದರು. ಮರ ಬಿದ್ದಿದ್ದರೂ ಒಂದು ಕಡೆಯ ಬೇರು ಇನ್ನೂ ಮಣ್ಣಿನಲ್ಲೇ ಇತ್ತು, ಎಲೆ ಬಾಡಿರಲಿಲ್ಲ. ಗಾಳಿ ಬಂದಾಗ ಮಲಗಿದ್ದಲ್ಲೇ ಎಂದಿನಂತೆ ಸದ್ದು ಮಾಡುತ್ತಿತ್ತು.

ಬೋರಣ್ಣ ನಡುಮನೆಯ ಸೋಫಾದಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದ. ಅವನೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

"ಅಮಾವಾಸ್ಯೆ ಕಳೀಲಿ. ಅಯ್ನೋರು ಬರ್ತೀನಿ ಅಂದವ್ರೆ. ಶಾಂತಿ ಮಾಡಿ ಆಮೇಲೆ ಕತ್ರುಸಿದ್ರಾಯ್ತು."

"ಅವರ ಜೋಳ ಕುದೀತೈತಂತೆ ಕಣ್ರೀ," ಲಕ್ಷ್ಮಿದೇವಮ್ಮ ಹೇಳಿದಳು.

"ಜೋಳ ನಾನು ಕೊಡುಸ್ತೀನಿ. ಮನೇನೂ ಕಟ್ಟುಸ್ಕೊಡ್ತೀನಿ. ನಾನೇನು ಇಲ್ಲ ಅಂದ್ನಾ? ಮೊಮ್ಮಗೀಗೆ ಏನಾದ್ರೂ ಆದ್ರೆ ಅದನ್ನ ಯಾರು ತಂದ್ಕೊಡ್ತಾರೆ, ಹೇಳು?"

ಅವನು ಕೇಳಿದ್ದು ಅವಳೇ ಕೇಳಿಕೊಂಡು ಕೇಳಿಕೊಂಡು ದಣಿದಿದ್ದ ಪ್ರಶ್ನೆ.

ಎಣ್ಣೆ ಬಟ್ಟಲು ಹಿಡಿದು ಹೊರಗೆ ಹೋದಳು. ಮಳೆ ನಿಂತ ಹಾಗಿತ್ತು, ಪೂರ್ತಿ ನಿಂತಿರಲಿಲ್ಲ. ತುಂಡಾದ ಕರೆಂಟ್ ತಂತಿಯನ್ನು ಯಾರೋ ಕಂಬಕ್ಕೆ ಸುತ್ತಿಟ್ಟಿದ್ದರು. ಎದುರುಮನೆಯ ಸಜ್ಜದ ಮೇಲೆ ಮೈನಾಗಳು ಒತ್ತೊತ್ತಾಗಿ ಕೂತಿದ್ದವು. ಹಣ್ಣು ತಿನ್ನಲು ಬರುತ್ತಿದ್ದ ಗಿಳಿಗಳು ಬಂದು, ಮರವಿದ್ದ ಜಾಗದ ಖಾಲಿ ಆಕಾಶದಲ್ಲಿ ಒಂದು ಸುತ್ತು ಹಾಕಿ ಕಿರುಚಿಕೊಂಡು ಹೋದವು. ನೆಲದ ಮೇಲೆ ಮುದ್ದೆಯಾದ ಕಾಗೆಗೂಡು, ಅದರಲ್ಲಿ ಹೆಣೆದಿದ್ದ ಕಬ್ಬಿಣದ ತಂತಿ, ಯಾರದೋ ಕೂದಲು. ಪಕ್ಕದಲ್ಲಿ ರೆಕ್ಕೆ ಬಿಚ್ಚಿ ಸತ್ತ ಬಾವಲಿಯೊಂದಕ್ಕೆ ಇರುವೆ ಮುತ್ತಿತ್ತು.

ದೀಪ ಇಡಲು ಜಾಗ ಹುಡುಕುತ್ತಾ ಅವಳು ಬುಡದ ಕಡೆ ಬಂದಳು. ಅಲ್ಲಿ ಕಟ್ಟೆಯ ಗ್ರಾನೈಟ್ ಚಪ್ಪಡಿಗಳು ಮರದ ಜೊತೆಗೇ ಎದ್ದು ನಿಂತಿದ್ದವು. ಅವುಗಳ ಹಿಂದೆ ಬೇರು. ಒಂದು ಕಡೆಯದು ಮಣ್ಣು ಮೆತ್ತಿಕೊಂಡು, ತುದಿ ಇನ್ನೂ ನೆಲದಲ್ಲೇ ಹೂತು, ಉದ್ದಕ್ಕೆ ಚಾಚಿಕೊಂಡಿತ್ತು. ಇನ್ನೊಂದು ಕಡೆ ಬೇರೇ ಇರಲಿಲ್ಲ. ತೊಡೆ ಗಾತ್ರದ ಮೊಂಡುಗಳು, ಗರಗಸ ಹಾಕಿದ ಹಾಗೆ ನೀಟಾಗಿ ಮುಗಿದಿದ್ದವು.

ಗರಗಸವನ್ನೇ ಹಾಕಿದ್ದರು. ಅವಳಿಗೆ ನೆನಪಿತ್ತು. ಮದುವೆಯಾಗಿ ಮೂರು ವರ್ಷವಾದರೂ ಬಿಂದುಶ್ರೀಗೆ ಮಕ್ಕಳಾಗದಿದ್ದಾಗ ಲಕ್ಷ್ಮಿದೇವಮ್ಮ ಹರಕೆ ಹೊತ್ತಿದ್ದಳು: ಹಳೆಯ ಮಣ್ಣುಕಲ್ಲಿನ ಕಟ್ಟೆ ತೆಗೆಸಿ ಗ್ರಾನೈಟಿನದು ಮಾಡಿಸುತ್ತೇನೆ. ಕಟ್ಟೆ ಚೌಕವಾಗಿ ಬರಲು ಬೇರು ಅಡ್ಡ ಬರುತ್ತದೆ ಎಂದು ಕೆಲಸದವರು ಹೇಳಿದಾಗ, ಸ್ವಲ್ಪ ತೆಗೆಯಿರಿ ಎಂದವಳು ಅವಳೇ. ಬುಡದವರೆಗೂ ಸಿಮೆಂಟು ಹಾಕಿಸಿದ್ದಳು, ಸುತ್ತು ಬರುವ ಹೆಂಗಸರ ಕಾಲು ಕೆಸರಾಗದಿರಲಿ ಎಂದು. ಆಗ ಬೇರು ಕೊಯ್ಯಲು ಯಾರೂ ಪೂಜೆ ಮಾಡಿರಲಿಲ್ಲ. ಶಾಂತಿಯ ಮಾತೇ ಬಂದಿರಲಿಲ್ಲ. ಎಲ್ಲರೂ ಕಟ್ಟೆ ಚೆಂದವಾಯಿತು ಎಂದಿದ್ದರು. ಮರುವರ್ಷ ಬಿಂದುಶ್ರೀ ಬಸುರಿಯಾದಳು.

ಗಾಳಿಯದೇ ತಪ್ಪು ಎಂದುಕೊಂಡರೆ ಹಗುರವಾಗುತ್ತಿತ್ತು. ಗಾಳಿಯದೂ ಇರಬಹುದು. ಆ ಗಾಳಿ ಜಯನಗರದಲ್ಲಿ ಗಟ್ಟಿ ಬೇರಿದ್ದ ಮರಗಳನ್ನೂ ಬೀಳಿಸಿತ್ತಲ್ಲ. ಎಷ್ಟು ಗಾಳಿಯದು, ಎಷ್ಟು ತನ್ನದು, ಅವಳಿಗೆ ಬಗೆಹರಿಯಲಿಲ್ಲ. ದೀಪ ಹಚ್ಚದೆಯೇ ಅಲ್ಲಿ ನಿಂತಳು.

ಅಷ್ಟರಲ್ಲಿ ಉಗ್ರಪ್ಪನ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸಿತು.

"ಹೊರಟ್ರಾ?"

"ಇನ್ನೇನ್ ಮಾಡ್ಲಿ ಅಮ್ಮ. ಬನಶಂಕರೀಲಿ ರೋಡಿಗೆ ಅಡ್ಡ ಬಿದ್ದೈತೆ, ಒಂದೇ ಸಮ ಫೋನ್ ಬರ್ತಾ ಐತೆ. ನಮ್ಮ ಹುಡುಗರು ಮನೆಗೆ ಹೋಗಿ ಎಷ್ಟು ದಿನ ಆಯ್ತೋ. ಇಲ್ಲಿಂದ ಹೋದ್ರೆ ಮತ್ತೆ ಯಾವಾಗ ಬರ್ತೀನೋ ಗೊತ್ತಿಲ್ಲ."

ಅವನ ಕಣ್ಣು ಕೆಂಪಾಗಿತ್ತು. ಗಾಡಿಯ ಹಿಂದೆ ಒಬ್ಬ ಆಳು ಕೂತಲ್ಲೇ ನಿದ್ದೆ ಹೋಗಿದ್ದ. ಅವನ ಭುಜದ ಮೇಲೆ ಮರದ ಹೊಟ್ಟು ಮಳೆಗೆ ಅಂಟಿಕೊಂಡಿತ್ತು. ಆಚೆ, ಮುರಿದ ಕಿಟಕಿಯ ಬಳಿ ಯಲ್ಲವ್ವ ತೋಳು ತೂರಿಸಿ, ಮತ್ತೆ ಚೀಲ ಮುಟ್ಟಿ ನೋಡುತ್ತಿದ್ದಳು.

"ಒಂದೈದು ನಿಮಿಷ ನಿಲ್ಲಪ್ಪ," ಎಂದಳು ಲಕ್ಷ್ಮಿದೇವಮ್ಮ.

ರಾಗಿ ಕೊಯ್ಯುತ್ತಿದ್ದ ಕಾಲದ ಕುಡುಗೋಲೊಂದು ಅಡುಗೆಮನೆಯ ಮೂಲೆಯಲ್ಲಿ ಇನ್ನೂ ಇತ್ತು. ಈಗ ಎಳನೀರು ಕೆತ್ತಲು ಆಗುತ್ತಿತ್ತು. ಅದನ್ನೂ ಅರಿಶಿನ ಕುಂಕುಮವನ್ನೂ ಒಂದು ತೆಂಗಿನಕಾಯಿಯನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಮೆಟ್ಟಿಲ ಮೇಲೆ ಬಿಂದುಶ್ರೀ ಇನ್ನೂ ನಿಂತಿದ್ದಳು.

"ಅತ್ತೆ, ಏನದು?"

"ನೀನು ಒಳಗೆ ಹೋಗಿ ಬಾಗಿಲು ಹಾಕ್ಕೊ. ಟಿವಿ ಜೋರಾಗಿ ಇಡು. ಸದ್ದು ಕೇಳುಸ್ಬಾರ್ದು."

"ಮರ ಕಡಿದ್ರೆ ಏನೂ ಆಗಲ್ಲ ಅತ್ತೆ. ನೀವು ಸುಮ್ನೆ ಹೆದರ್ತೀರಾ."

"ಹೂಂ ಕಣಮ್ಮ. ಸುಮ್ನೇ ಹೆದರ್ತೀನಿ. ಹೋಗು ಒಳಗೆ."

ಬೋರಣ್ಣ ಬಾಗಿಲಿಗೆ ಬಂದು ಅವಳ ಕೈಯಲ್ಲಿದ್ದುದನ್ನು ನೋಡಿದ. ಮಫ್ಲರ್ ಬಿಗಿದುಕೊಂಡು ಒಳಕ್ಕೆ ತಿರುಗಿದ. ತಡೆದಿದ್ದರೆ ಅವಳು ನಿಲ್ಲುತ್ತಿದ್ದಳೇನೋ.

ಬಾಗಿಲಿಗಡ್ಡ ಬಿದ್ದಿದ್ದ ಕೊಂಬೆಗೆ ಅರಿಶಿನ ಕುಂಕುಮ ಹಚ್ಚಿದಳು. ಮಳೆಹನಿಗೆ ಅದು ಆಗಲೇ ಇಳಿದು ಹೋಗುತ್ತಿತ್ತು. ಕಾಯಿ ಒಡೆದಳು. ಹೇಳಬೇಕಾದ ಮಾತು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ, ಅತ್ತೆ ಅದನ್ನು ಹೇಳಿಕೊಟ್ಟಿರಲಿಲ್ಲ. "ಈ ಮರದಲ್ಲಿರೋವ್ರು ಬೇರೆ ಕಡೆ ಹೋಗಿ ಇರಿ," ಎಂದು ಮೆಲ್ಲಗೆ ಹೇಳಿದಳು. ಬಾಡಿಗೆಯವರಿಗೆ ಹೇಳಿದ ಹಾಗಾಯಿತು ಅನಿಸಿ ನಾಚಿಕೆಯಾಯಿತು. "ಬೇರು ಕುಯ್ಸಿದೋಳೂ ನಾನೇ. ಕೇಳೋದಿದ್ರೆ ನನ್ನ ಕೇಳಿ. ಮಗೂನ ಕೇಳ್ಬೇಡಿ."

ಕಣ್ಣು ಮುಚ್ಚಿ ಕುಡುಗೋಲು ಬೀಸಿದಳು.

ಏಟು ಉಗುರಿನಷ್ಟೂ ಆಳ ಹೋಗಲಿಲ್ಲ. ಕಣ್ಣು ಬಿಟ್ಟಾಗ ಗಾಯದಿಂದ ಬೆಳ್ಳಗೆ ಹಾಲು ಜಿನುಗುತ್ತಿತ್ತು. ಅರಳಿಮರದಲ್ಲಿ ಹಾಲಿರುತ್ತದೆಂದು ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿ. ಆದರೂ ಅವಳು ಅದನ್ನು ಸೆರಗಿನಿಂದ ಒರೆಸಹೊರಟಳು. ಯಲ್ಲವ್ವ ಬಂದು ರಟ್ಟೆ ಹಿಡಿದುಕೊಂಡಳು.

"ಸಾಕಲ್ಲಪ್ಪ?" ಎಂದು ಉಗ್ರಪ್ಪನನ್ನು ಕೇಳಿದಳು ಯಲ್ಲವ್ವ.

"ಸಾಕು ಸಾಕು. ಏಯ್, ಏಳ್ರೋ, ಮಿಷಿನ್ ತಗೊಳ್ಳಿ."

ಮಿಷಿನ್ನಿನ ಸದ್ದು ಕತ್ತಲಾಗುವವರೆಗೂ ಬೀದಿ ತುಂಬಿತ್ತು. ಬೋರಣ್ಣ ಸಂಜೆ ಅಯ್ನೋರಿಗೆ ಫೋನ್ ಮಾಡಿ, ಬರಲೇಬೇಕು, ಶಾಂತಿ ಮೊದಲು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಮಾಡಿಸಬೇಕು ಎಂದ. ಊಟಕ್ಕೆ ಕೂತಾಗ ಹೆಂಡತಿಯ ತಟ್ಟೆಯ ಕಡೆ ಸಾರಿನ ಪಾತ್ರೆ ಸರಿಸಿದ.

ಮರುದಿನ ಬಿಸಿಲು ಬಂತು, ನೀರು ಬೆರೆಸಿದ ಹಾಲಿನಂಥ ಬಿಸಿಲು. ಭೀಮಪ್ಪ ಚೀಲಗಳನ್ನು ಹೊರಗೆ ಎಳೆದು ಹಾಕಿದ. ಬಾಯಿ ಬಿಚ್ಚಿದಾಗ ಹುಳಿ ಹುಳಿ ವಾಸನೆ ಬಂತು. ಮೇಲಿನ ಜೋಳ ಗಂಟುಕಟ್ಟಿ ಹಸಿರು ಬೂಷ್ಟು ಹಿಡಿದಿತ್ತು. ನಡುವಿನದು ಮೊಳಕೆ ಒಡೆದು ಅಲ್ಲೇ ಕೊಳೆತಿತ್ತು. ತಳದಲ್ಲಿ ಒಂದಿಷ್ಟು ಪರವಾಗಿಲ್ಲ ಅನ್ನುವಂತಿತ್ತು. ಸುತ್ತಮುತ್ತ ಒಣಗಿದ ನೆಲವೆಂದರೆ ಕಿತ್ತುಬಿದ್ದ ಗ್ರಾನೈಟ್ ಚಪ್ಪಡಿಗಳು ಮಾತ್ರ. ಲಕ್ಷ್ಮಿದೇವಮ್ಮನೇ ಚಪ್ಪಡಿ ಒರೆಸಿಕೊಟ್ಟಳು.

ಇಬ್ಬರೂ ಕೂತು ಒಳ್ಳೆಯ ಕಾಳು ಕೆಟ್ಟ ಕಾಳು ಬೇರೆ ಮಾಡತೊಡಗಿದರು. ಸ್ವಲ್ಪ ಹೊತ್ತಿಗೆ ಮೈನಾಗಳು ಇಳಿದವು, ಆಮೇಲೆ ಪಾರಿವಾಳ, ಕಾಗೆ. ಕೆಟ್ಟ ರಾಶಿಗಷ್ಟೇ ಅಲ್ಲ, ಒಳ್ಳೆಯ ರಾಶಿಗೂ ಬಾಯಿ ಹಾಕಿದವು. ಯಲ್ಲವ್ವ ಒಂದು ಸಲ ಕೈ ಎತ್ತಿ ಹುಶ್ ಅಂದಳು. ಹಾರಿಹೋಗಿ ಕೂರಲು ಅವಕ್ಕೆ ಮರವಿರಲಿಲ್ಲ. ನಾಲ್ಕು ಹೆಜ್ಜೆ ಆಚೆ ಕುಪ್ಪಳಿಸಿ, ಮತ್ತೆ ಬಂದವು. ಅವಳು ಎರಡನೇ ಸಲ ಕೈ ಎತ್ತಲಿಲ್ಲ.

ನಡುನಡುವೆ ಲಕ್ಷ್ಮಿದೇವಮ್ಮ ಎದ್ದು ಮಹಡಿ ಹತ್ತುತ್ತಿದ್ದಳು. ಮಂಡಿ ನೋಯುತ್ತಿತ್ತು.

"ಬಿಂದು, ಒದೀತಾ?"

"ಈಗ ತಾನೆ ಕೇಳಿದ್ರಿ ಅತ್ತೆ."

"ಆಗ ಒದ್ದಿದ್ದು ಆಗಾಯ್ತು. ಈಗ?"

ಬಿಂದುಶ್ರೀ ನಿಟ್ಟುಸಿರು ಬಿಟ್ಟು ಅತ್ತೆಯ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಆ ಕೈಗೆ ಬೂಷ್ಟು ಹಿಡಿದ ಜೋಳದ ವಾಸನೆ ಅಂಟಿತ್ತು. ಇಬ್ಬರೂ ಕಾದರು. ಟಿವಿಯಲ್ಲಿ ಬಂಗಾಳಕೊಲ್ಲಿಯ ನಕ್ಷೆ ತೋರಿಸುತ್ತಾ, ಮತ್ತೊಂದು ವಾಯುಭಾರ ಕುಸಿತ ಶುರುವಾಗಿದೆ ಎನ್ನುತ್ತಿದ್ದರು. ಬಹಳ ಹೊತ್ತಿನ ಮೇಲೆ ಅಂಗೈ ಕೆಳಗೆ ಏನೋ ಮೆಲ್ಲಗೆ ಹೊರಳಿತು.

ಆ ಸಮಾಧಾನ ಮೆಟ್ಟಿಲು ಇಳಿಯುವವರೆಗೆ ಇತ್ತು.

"ಮತ್ತೆ ಸೈಕ್ಲೋನ್ ಅಂತೆ ಕಣೆ ಯಲ್ಲವ್ವ," ಎಂದು ಅವಳು ಬಂದು ಕೂತಳು.

"ಬರ್‍ಲಿ ಬಿಡ್ರಿ ಅಮ್ಮಾರ. ಇನ್ನ ಬೀಳಾಕ ಮರ ಎಲ್ಲೈತಿ?"

ಲಕ್ಷ್ಮಿದೇವಮ್ಮ ನಗಲು ನೋಡಿದಳು. ಹಕ್ಕಿಗಳನ್ನು ಸ್ವಲ್ಪ ಸರಿಸಿ, ಮತ್ತೆ ಕಾಳು ಆರಿಸತೊಡಗಿದಳು. ಆಗಾಗ ತಲೆಯೆತ್ತಿ ಮೇಲಿನ ಕಿಟಕಿಯ ಕಡೆ ನೋಡುತ್ತಿದ್ದಳು. ಹೆರಿಗೆಗೆ ಇನ್ನೂ ದಿನಗಳಿದ್ದವು.