ಕೈಗೆ ತಕ್ಕ ಗುಂಡು

ಮಗನ ಪಿಸ್ತೂಲನ್ನು ಅರ್ಬಾಬರು ದಿಂಬಿನ ಅಡಿಯಲ್ಲಿ ಇಟ್ಟುಕೊಳ್ಳುತ್ತಿದ್ದಾರೆಂದು ಪೊಡಿಯಬ್ಬನಿಗೆ ತಿಳಿದದ್ದು ಹಾಸಿಗೆಯ ಹೊದಿಕೆ ಬದಲಿಸುವಾಗ. ಕೈ ತಾಗಿದ್ದೇ ತಡ, ಬಿಸಿ ಕಾವಲಿ ಮುಟ್ಟಿದವನಂತೆ ಹಿಂದೆ ಸರಿದ.

ಪೊಡಿಯಬ್ಬ ಉಳ್ಳಾಲದವನು. ಕೊಲ್ಲಿ ನಾಡಿನ ಅಲ್ ಗರಾಫಾದ ಆ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಡುಗೆ ಮಾಡುತ್ತಿದ್ದ. ಯಜಮಾನರ ಹೆಸರು ಅಲಿ, ಆಳುಗಳಿಗೆಲ್ಲ ಅವರು ಅರ್ಬಾಬ್. ಅವರ ಒಬ್ಬನೇ ಮಗ ಸಾಬಿತ್ ಹಿಂದಿನ ವರ್ಷ, ತೊಂಬತ್ತೈದರಲ್ಲಿ, ಕಾರು ಮಗುಚಿ ತೀರಿಕೊಂಡಿದ್ದ. ಅಂದಿನಿಂದ ಮುದುಕರ ಕೈ ನಡುಗತೊಡಗಿತ್ತು. ಕಾಫಿಯ ಪುಟ್ಟ ಬಟ್ಟಲನ್ನು ಸಹ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಸಾಬಿತನ ಮಗಳು ಶೈಮಾಳಿಗೆ ಐದು ವರ್ಷ. ಅವಳು ಮಲಗುತ್ತಿದ್ದುದು ಅಜ್ಜನ ಪಕ್ಕದ ಕೋಣೆಯಲ್ಲಿ. ನಡುವೆ ಇದ್ದದ್ದು ಜಿಪ್ಸಂ ಹಲಗೆಯ ತೆಳು ಗೋಡೆ ಮಾತ್ರ.

ವಾರದ ಹಿಂದೆ ನೆರೆಯ ಮನೆಗೆ ಕಳ್ಳರು ನುಗ್ಗಿ ಕಾವಲಿನವನ ತಲೆ ಒಡೆದಿದ್ದರು. ಪಿಸ್ತೂಲು ದಿಂಬಿನ ಅಡಿಗೆ ಬಂದದ್ದು ಆ ಭಯದಿಂದ.

ಪೊಡಿಯಬ್ಬ ನೇರ ಗೇಟಿನ ಕೋಣೆಗೆ ಹೋದ. ಅಲ್ಲಿ ಫಕೀರಪ್ಪ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ರೋಣ ತಾಲೂಕಿನವನು, ಸೈನ್ಯದಲ್ಲಿ ಬಂದೂಕು ರಿಪೇರಿಯ ಹವಾಲ್ದಾರನಾಗಿದ್ದು ನಿವೃತ್ತನಾಗಿ ಈ ಮನೆಯ ಕಾವಲಿಗೆ ಬಂದಿದ್ದ.

"ಹವಾಲ್ದಾರರೇ, ಆ ದೊಡ್ಡ ಪಿಸ್ತೂಲು ಅವರ ಕೈಯಲ್ಲಿ ನಿಲ್ತದಾ?"

"ಅದು ಫೋರ್ಟಿಫೈವ್ ಐತಿ ಅಣ್ಣಾರ, ದಪ್ಪ ಗುಂಡಿಂದು. ತಾಕಿದ್ರ ಎಂಥಾ ಜಟ್ಟಿನೂ ಮಲಗ್ತಾನ. ಆದ್ರ ತಾಕಬೇಕಲ್ಲ? ಕಳ್ಳನ ಬಿಟ್ಟು ಗ್ವಾಡಿಗಿ ತಾಕಿದ್ರ..." ಫಕೀರಪ್ಪ ಅಷ್ಟಕ್ಕೇ ನಿಲ್ಲಿಸಿದ. ಗೋಡೆಯ ಆಚೆ ಯಾರ ಮಂಚವಿದೆಯೆಂದು ಇಬ್ಬರಿಗೂ ಗೊತ್ತಿತ್ತು.

"ಹಾಗಾದ್ರೆ ನೀವೇ ಹೇಳಿ ಮಾರಾಯ್ರೆ."

"ಏನಂತ ಹೇಳ್ಲಿ? ನಿಮ್ಮ ಕೈ ನಡಗ್ತಾವು, ಸತ್ತ ಮಗನ ಪಿಸ್ತೂಲ್ ಬಿಡ್ರಿ ಅಂತನಾ? ನಾಳೆನ ವಿಮಾನಾ ಹತ್ತಸ್ತಾರ."

"ಹತ್ತಿಸುವ ಮೊದಲು ಒಂದು ಬಿರಿಯಾನಿ ಊಟ ನನ್ನದು, ಹೆದರ್ಬೇಡಿ."

ಫಕೀರಪ್ಪ ನಗಲಿಲ್ಲ. ಎರಡು ದಿನ ಯೋಚಿಸಿ, ಅರ್ಬಾಬರ ಮುಂದೆ ನಿಂತು ಒಂದೇ ಮಾತು ಹೇಳಿದ: ಮನೆಯಲ್ಲಿ ಲೈಸೆನ್ಸಿನ ನಾಲ್ಕು ಆಯುಧಗಳಿವೆ, ಸೈನ್ಯದಲ್ಲಿ ಪರೀಕ್ಷೆ ಮಾಡದೆ ಯಾವುದನ್ನೂ ಯಾರ ಕೈಗೂ ಕೊಡುವುದಿಲ್ಲ, ನಾಲ್ಕನ್ನೂ ತೋಟದಲ್ಲಿ ನೋಡಿಯೇಬಿಡೋಣ. ಪೊಡಿಯಬ್ಬ ಅದನ್ನು ಅರಬಿಯಲ್ಲಿ ಹೇಳಿದ. ಅರ್ಬಾಬರು ಒಪ್ಪಿದರು.

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಮೂವರೂ ಮರುಭೂಮಿಯ ತೋಟಕ್ಕೆ ಹೋದರು. ಅಲ್ಲಿ ಎತ್ತರದ ಮಣ್ಣಿನ ದಿಬ್ಬವೊಂದಿತ್ತು. ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆಂದು ನೋಡಲು ಫಕೀರಪ್ಪ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿ ನೆನೆಹಾಕಿದ್ದ. ಮುಚ್ಚಳ ತೆಗೆದೊಡನೆ ಪೊಡಿಯಬ್ಬ ಬಗ್ಗಿ ನೋಡಿದ. ಎಲ್ಲವೂ ಅರಬಿ ಪತ್ರಿಕೆಗಳು. ಮೇಲಿನ ಪುಟದಲ್ಲೇ ಯಾರದೋ ಮರಣದ ಸುದ್ದಿ, ಅದರ ತಲೆಯಲ್ಲಿ ಅಲ್ಲಾಹುವಿನ ಹೆಸರು.

ಅರ್ಬಾಬರೂ ಕಂಡರು. ಅವರ ಮುಖ ಕೆಂಪಾಯಿತು. "ಇದಕ್ಕೆ ಗುಂಡು ಹೊಡೆಯುತ್ತಾನೆಯೇ? ಖಲಾಸ್! ಗಾಡಿ ತೆಗೆಯಿರಿ."

"ಎಂತ ಮಾಡಿಬಿಟ್ಟಿರಿ ಹವಾಲ್ದಾರರೇ? ಅದರಲ್ಲಿ ದೇವರ ಹೆಸರುಂಟು!"

ಫಕೀರಪ್ಪನ ಮುಖ ಬಿಳುಚಿತು. ಅವನು ಬೂಟು ಬಿಚ್ಚಿ ದೂರವಿಟ್ಟ. ನೀರು ಸೋರುವ ಒಂದೊಂದು ಕಟ್ಟನ್ನೂ ಎತ್ತಿ ಕಣ್ಣಿಗೆ ಒತ್ತಿಕೊಂಡು, ತನ್ನ ಒಗೆದ ಟವೆಲಿನ ಮೇಲೆ ಇರಿಸಿದ. ಯಾರೂ ತುಳಿಯದ ಕಡೆ, ಬೋರೆ ಮರದ ಬುಡದಲ್ಲಿ, ಬರಿಗೈಯಲ್ಲೇ ಗುಂಡಿ ತೋಡತೊಡಗಿದ. ಹಳೆಯ ಪವಿತ್ರ ಕಾಗದಗಳನ್ನು ಹೀಗೆ ಹೂಳಬೇಕೆಂದು ಅವನಿಗೆ ಯಾರು ಹೇಳಿಕೊಟ್ಟಿದ್ದರೋ! ಪೊಡಿಯಬ್ಬ ಬಗ್ಗಿ ಜೊತೆಗೆ ಮಣ್ಣು ತೆಗೆದ.

ಗಾಡಿಯ ಬಾಗಿಲು ಹಿಡಿದು ನಿಂತಿದ್ದ ಅರ್ಬಾಬರು ನಿಧಾನವಾಗಿ ಹತ್ತಿರ ಬಂದರು. "ಇವನ ಊರಿನಲ್ಲೂ ಹೀಗೆ ಮಾಡುತ್ತಾರೆಯೇ, ಕೇಳು."

"ನಮ್ಮೂರಾಗ ಬರೇ ಕಾಗದಕ್ಕ ಕಾಲ ತಾಕಿದ್ರೂ ಕಣ್ಣಿಗಿ ಒತ್ತಿಗೋತೀವ್ರಿ. ನನಗ ಈ ಅಕ್ಷರ ಓದಾಕ ಬರಂಗಿಲ್ಲ. ತಪ್ಪಾತ್ರಿ."

ಅರ್ಬಾಬರು ಬಗ್ಗಿ ಒಂದು ಹಿಡಿ ಮಣ್ಣು ಹಾಕಿದರು. ಕೈ ಒರೆಸಿಕೊಳ್ಳುತ್ತ, "ಯಲ್ಲಾ, ನಡೆ, ತೋರಿಸು," ಎಂದರು.

ಪತ್ರಿಕೆಯ ಬದಲು ನೀರು ತುಂಬಿದ ಎಣ್ಣೆ ಡಬ್ಬಿಗಳ ಸಾಲಾಯಿತು. ಆ ಸಾಲಿನ ಮುಂದೆ, ಮನೆಯ ಗೋಡೆ ಕಟ್ಟುವಾಗ ಉಳಿದ ಜಿಪ್ಸಂ ಹಲಗೆ. ಫಕೀರಪ್ಪ ನಾಲ್ಕೂ ಆಯುಧಗಳಿಂದ ಒಂದೊಂದೇ ಗುಂಡು ಹಾರಿಸಿದ. ಟೂಟೂ ಎಂಬ ಪುಟ್ಟ ಪಿಸ್ತೂಲಿನ ಸಣ್ಣ ಗುಂಡು ಎರಡನೆಯ ಡಬ್ಬಿಯಲ್ಲಿ ನಿಂತಿತು. ತರ್ಟಿಎಯ್ಟ್ ರಿವಾಲ್ವರಿನದು ಮೂರನೆಯದರಲ್ಲಿ. ನೈನ್ ಎಂ.ಎಂ. ಪಿಸ್ತೂಲಿನದು ಮತ್ತು ಫೋರ್ಟಿಫೈವ್‌ನದು ನಾಲ್ಕನೆಯದರವರೆಗೆ ಹೋದವು. ಫೋರ್ಟಿಫೈವ್ ಮಾಡಿದ ತೂತು ಎಲ್ಲಕ್ಕಿಂತ ಅಗಲ. ಅರ್ಬಾಬರು ಹೆಮ್ಮೆಯಿಂದ ಅದರೊಳಗೆ ಬೆರಳಿಟ್ಟು ನೋಡಿದರು. ಆಮೇಲೆ ಅವರ ಕಣ್ಣು ಹಲಗೆಯ ಮೇಲೆ ನಿಂತಿತು. ಅದರಲ್ಲಿ ನಾಲ್ಕು ತೂತುಗಳಿದ್ದವು.

"ಸಣ್ಣದು ಕೂಡ ತೂರಿತೇ?"

"ಹೌದ್ರಿ. ಈ ಹಲಗಿ ಯಾವುದನ್ನೂ ತಡಿಯಂಗಿಲ್ಲ."

ಅರ್ಬಾಬರು ಹಲಗೆಯ ಆಚೆ ಹೋಗಿ ತೂತುಗಳಲ್ಲಿ ಇಣುಕಿದರು.

ಈಗ ಅವರ ಸರದಿ. ಫಕೀರಪ್ಪ ಏಳು ಹೆಜ್ಜೆ ಅಳೆದು ದಿಬ್ಬಕ್ಕೆ ಮನುಷ್ಯನ ಎದೆಯಷ್ಟು ಅಗಲದ ಬಿಳಿ ಹಾಳೆಗಳನ್ನು ಚುಚ್ಚಿದ. ಅವರ ಮಂಚದಿಂದ ಬಾಗಿಲಿಗೆ ಅಷ್ಟೇ ದೂರ. ಮೊದಲು ಫೋರ್ಟಿಫೈವ್. ಗುಂಡನ್ನು ಒಳಗೆ ತರಲು ಅದರ ಮೇಲಿನ ಭಾಗವನ್ನು ಹಿಂದಕ್ಕೆ ಎಳೆಯಬೇಕು. ಅರ್ಬಾಬರು ಒಮ್ಮೆ ಎಳೆದರು, ಇನ್ನೊಮ್ಮೆ ಎಳೆದರು, ಆಗಲಿಲ್ಲ. ಅಷ್ಟು ಹೊತ್ತೂ ಫಕೀರಪ್ಪ ಮರದಲ್ಲಿ ಕುಳಿತ ಹಕ್ಕಿಯೊಂದನ್ನು ಬಹಳ ಮುಖ್ಯವಾದ ಕೆಲಸವೆಂಬಂತೆ ನೋಡುತ್ತಿದ್ದ. ಮೂರನೆಯ ಸಲಕ್ಕೆ ಅದು ಬಂತು. ಐದು ಗುಂಡುಗಳಲ್ಲಿ ಹಾಳೆಗೆ ತಾಗಿದ್ದು ಒಂದು. ನೈನ್ ಎಂ.ಎಂ.ನಲ್ಲಿ ಎರಡು. ಟೂಟೂವಿನಲ್ಲಿ ಐದಕ್ಕೆ ಐದು. ಎಳೆಯುವ ಕೆಲಸವೇ ಇಲ್ಲದ ರಿವಾಲ್ವರನ್ನು ಎರಡೂ ಕೈಯಲ್ಲಿ, ಕಾಫಿ ಬಟ್ಟಲು ಹಿಡಿದಂತೆ ಹಿಡಿದರು. ನಾಲ್ಕು ತಾಗಿದವು.

"ಟೂಟೂ ಗುರಿ ತಪ್ಪಂಗಿಲ್ರಿ, ಕೈಗೂ ಹಗುರ. ಆದ್ರ ಮೈಮ್ಯಾಲ ಬರಾಂವ ಅದರಿಂದ ನಿಂತಾನಂತ ನಂಬಾಕ ಆಗಂಗಿಲ್ಲ. ನೈನ್ ಎಂ.ಎಂ. ಹುಡುಗರಿಗೆ ಚಲೋ. ಮನಿ ಕಾವಲಿಗೆ ರಿವಾಲ್ವರ್ ಸಾಕ್ರಿ, ತಾಕತೈತಿ, ತಾಕಿದ್ರ ನಿಲ್ಲಸ್ತೈತಿ. ಫೋರ್ಟಿಫೈವ್ ಎಲ್ಲಾರಿಗಿಂತ ಜೋರು, ಅದ್ರ ಸುದ್ದಿ ಖರೇನ. ಆದ್ರ ತಪ್ಪಿದ ನಾಕು ಗುಂಡ ಎಲ್ಲೋ ಒಂದ ಕಡೆ ಹೋಗಬೇಕಲ್ರಿ?"

ಪೊಡಿಯಬ್ಬ ಕೊನೆಯ ಮಾತನ್ನು ಅರಬಿಗೆ ತರುವಾಗ ಧ್ವನಿ ತಗ್ಗಿಸಿದ. ಕೈಯ ನಡುಕದ ಬಗ್ಗೆ ಹವಾಲ್ದಾರ ಒಂದು ಮಾತೂ ಎತ್ತಿರಲಿಲ್ಲ. ಅರ್ಬಾಬರ ಮುಂದೆ ಸತ್ಯವನ್ನು ಇಷ್ಟು ಜತನದಿಂದ ಇಟ್ಟವರನ್ನು ಪೊಡಿಯಬ್ಬ ಇಪ್ಪತ್ತೆರಡು ವರ್ಷಗಳಲ್ಲಿ ಕಂಡಿರಲಿಲ್ಲ.

ಅರ್ಬಾಬರು ಮಗನ ಪಿಸ್ತೂಲನ್ನು ಕೈಯಲ್ಲಿ ತೂಗಿ ನೋಡಿದರು. "ಇದನ್ನು ಮುಟ್ಟಿದರೆ ಅವನ ಕೈ ಹಿಡಿದಂತೆ ಇರುತ್ತದೆ," ಎಂದರು.

"ದಿನಾ ಮುಟ್ರಿ ಅರ್ಬಾಬ್. ಎಣ್ಣಿ ಹಚ್ಚಿ ಹೊಸಾದರಂಗ ಇಡೂದು ನನ್ನ ಕೆಲಸ. ಗುಂಡ ಮಾತ್ರ ಬ್ಯಾಡ."

ಮುದುಕರು ಗುಂಡುಗಳನ್ನು ಒಂದೊಂದಾಗಿ ತೆಗೆದು ಫಕೀರಪ್ಪನ ಅಂಗೈಗೆ ಹಾಕಿದರು. ತಲೆಯ ಬಿಳಿ ವಸ್ತ್ರ ಬಿಚ್ಚಿ ಪಿಸ್ತೂಲನ್ನು ಅದರಲ್ಲಿ ಸುತ್ತಿಕೊಂಡರು. ದಾರಿಯುದ್ದಕ್ಕೂ ಅದು ಅವರ ತೊಡೆಯ ಮೇಲೆಯೇ ಇತ್ತು.

ಸಂಜೆಯ ಅಸರ್ ನಮಾಜು ಮುಗಿದ ಮೇಲೆ ರಿವಾಲ್ವರು ಅರ್ಬಾಬರ ಮಂಚದ ಪಕ್ಕದ ಬೀಗದ ಪೆಟ್ಟಿಗೆ ಸೇರಿತು, ಬೀಗದ ಕೈ ಅವರ ಕೊರಳಿಗೆ. ಬಳಿಕ ಯಾರೂ ಹೇಳದೆಯೇ ಅವರು ಶೈಮಾಳ ಕೋಣೆಗೆ ಹೋಗಿ ಮಂಚದ ಒಂದು ತುದಿಗೆ ಕೈ ಹಾಕಿದರು. ಕಾಂಕ್ರೀಟು ಗೋಡೆಯ ಆಚೆಯ ಕೋಣೆಗೆ ಅದನ್ನು ಒಯ್ಯಬೇಕಿತ್ತು.

"ಬಿಡಿ ಅರ್ಬಾಬ್, ನಾವು ಉಂಟಲ್ಲ," ಎಂದ ಪೊಡಿಯಬ್ಬ.

ಅವರು ಬಿಡಲಿಲ್ಲ. ಮಂಚ ಬಾಗಿಲಲ್ಲಿ ಸಿಕ್ಕಿಕೊಂಡು ಅಲುಗಾಡಿತು. ಗೊಂಬೆಯನ್ನು ಕಂಕುಳಲ್ಲಿ ಇಟ್ಟುಕೊಂಡ ಶೈಮಾ ಮುಂದೆ ಮುಂದೆ ನಡೆಯುತ್ತ, ಮೂವರು ಗಂಡಸರಿಗೂ ದಾರಿ ತೋರಿಸಿ ಗದರಿಸುತ್ತಿದ್ದಳು.