ನಾಲ್ಕರಿಂದ ಐದು

ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಸೊಸೆಗೆ ದಿನದಲ್ಲಿ ಒಂದು ಗಂಟೆ ಬೇಕಿತ್ತು. ಕೈಗೆ ನಾಲ್ಕು ಕಾಸು ಹೆಚ್ಚು ಬರಲೆಂದು ಮೊದಲು ಮೇಣದಬತ್ತಿ ಮಾಡಿ ನೋಡಿದಳು, ಆಮೇಲೆ ಮಣ್ಣಿನ ಕಿವಿಯೋಲೆ. ಎರಡೂ ಅರ್ಧಕ್ಕೇ ನಿಂತವು. "ನಿನ್ನ ಮೂರನೇ ಕಂಪನಿ ಯಾವಾಗ ಶುರು?" ಎಂದು ಗಂಡ ಕಾಲೆಳೆಯುತ್ತಿದ್ದ. ಮೂರನೆಯದು ಕಾಗದದ ಕೈಚೀಲ. ಬಟ್ಟೆ ಅಂಗಡಿಯವರು ಒಪ್ಪಿದರು. ಕೆಲಸ ಸಿಕ್ಕಿತು, ಹೊತ್ತು ಸಿಗಲಿಲ್ಲ. ಬೆಳಗು ಒಲೆಗೆ ಹೋಗುತ್ತಿತ್ತು, ಹಗಲು ಕಚೇರಿಗೆ, ಐದರ ಮೇಲಿನದು ಮಗಳ ಪಾಠಕ್ಕೆ. ಹುಡುಕಿ ಹುಡುಕಿ ಕಡೆಗೆ ಸಿಕ್ಕಿದ್ದು ನಾಲ್ಕರಿಂದ ಐದು. ಅದು ಅತ್ತೆಯ ಬಲಗೈಯ ಹೊತ್ತು.

ಲಕ್ವ ಹೊಡೆದ ಮೇಲೆ ಅತ್ತೆಯ ಬಲಗೈ ಮುಷ್ಟಿ ಕಟ್ಟಿಕೊಂಡಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಡಿಸಿ, ಮೆತ್ತನೆಯ ಚೆಂಡು ಹಿಡಿಸಿ ದಿನಕ್ಕೊಂದು ಗಂಟೆ ವ್ಯಾಯಾಮ ಮಾಡಿಸಬೇಕೆಂದು ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದರು. ಅತ್ತೆ ಅವರಿಗೆ 'ಕೈಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಮಾಡಿಸಿದ ದಿನಕ್ಕೆ ಗುರುತು ಹಾಕಲು ಕೈಮೇಷ್ಟ್ರು ಒಂದು ಹಾಳೆಯನ್ನೂ ಕೊಟ್ಟಿದ್ದರು.

"ಇವತ್ತೊಂದಿನ ಅಷ್ಟೆ ಅತ್ತೆ" ಎಂದು ಸೊಸೆ ಕಾಗದ ಹರಡಿಕೊಂಡಳು. ಮೂರನೆಯ ದಿನ ಅತ್ತೆ, "ಇಲ್ಲಿ ಕೊಡೆ ಅದನ್ನ. ನನ್ನ ನೋಡಿ ನೋಡಿ ಗೋಡೆಗೇ ಬೇಜಾರಾಗಿದೆ" ಎಂದು ಎಡಗೈ ಚಾಚಿದರು. ಹದಿನೈದು ದಿನದಲ್ಲಿ ಆ ಎಡಗೈ ಪಳಗಿತು. ಚೀಲವನ್ನು ಮಂಡಿಗಳ ನಡುವೆ ಸಿಕ್ಕಿಸಿ, ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ತೂತಿಗೆ ತೂರಿಸಿ ಗಂಟು ಬಿಗಿಯುತ್ತಿದ್ದರು. ಬಲಗೈ ಮಡಿಲಲ್ಲಿ ಬಿದ್ದಿರುತ್ತಿತ್ತು. ಸೊಸೆ ಅದರ ಕಡೆ ನೋಡುತ್ತಿರಲಿಲ್ಲ. ಕೈಮೇಷ್ಟ್ರು ಬರುವ ಭಾನುವಾರ ಬೆಳಗ್ಗೆ ವಾರದ ಗುರುತುಗಳನ್ನೆಲ್ಲ ಒಟ್ಟಿಗೆ ಹಾಕಿಬಿಡುತ್ತಿದ್ದಳು.

ಹೀಗೆ ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಕೈಮೇಷ್ಟ್ರು ಆ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಹೆಬ್ಬೆರಳು ಬಿಡಿಸಲು ಹೋದರೆ ಅತ್ತೆ ಮುಖ ಕಿವುಚಿದರು.

"ದಿನಾ ಮಾಡ್ತಿದೀರಾ ಅಮ್ಮಾ?"

"ಒಂದಿನಾನೂ ತಪ್ಸಿಲ್ಲ. ನನ್ನ ಸೊಸೆ ಬಿಡ್ತಾಳಾ? ನಿಮಗಿಂತ ಜೋರು ಅವಳು."

"ಮತ್ತೆ ಕೈ ಹಿಂದಕ್ಕೆ ಹೋಗ್ತಿದೆಯಲ್ಲ. ಮೊದಲ ಆರು ತಿಂಗಳಲ್ಲಿ ಬಂದಷ್ಟು ಸುಲಭವಾಗಿ ಆಮೇಲೆ ಬರಲ್ಲ. ಈಗಾಗಲೇ ಐದು ಮುಗೀತು."

"ವಯಸ್ಸಾಯ್ತಲ್ಲಪ್ಪಾ. ನಂದೇ ಸೋಮಾರಿ ಕೈ."

ಅತ್ತೆ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲರೆಂದು ಸೊಸೆಗೆ ಗೊತ್ತಿರಲಿಲ್ಲ. ತಪ್ಪನ್ನೂ ಅವರೇ ಹೊತ್ತುಕೊಂಡಾಗ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ನಾನು ಮಾಡಿಸಿಲ್ಲ," ಎಂದಳು. "ಗುರುತೆಲ್ಲ ಸುಳ್ಳು. ಆ ಹೊತ್ತಲ್ಲಿ ಚೀಲ ಮಾಡ್ತಿದ್ದೆ. ಅತ್ತೆ ಕೈಲೂ ಮಾಡಿಸ್ತಿದ್ದೆ."

ಕೈಮೇಷ್ಟ್ರು ಬೈಯಲಿಲ್ಲ. ಒಂದು ಚೀಲ ತರಿಸಿಕೊಂಡು ಗಂಟನ್ನು ತಿರುಗಿಸಿ ನೋಡಿದರು.

"ಎಲ್ಲಾ ಎಡಗೈಲೇನಾ?"

"ಹೂಂ."

ಬಿಸಿ ಪಾತ್ರೆ ಹಿಡಿಯುವ ದಪ್ಪ ಗವಸನ್ನು ಅಡುಗೆಮನೆಯಿಂದ ಕೇಳಿ ಪಡೆದು, ಅತ್ತೆಯ ಎಡಗೈಗೆ ತೊಡಿಸಿ, ಮಣಿಕಟ್ಟಿಗೆ ಸಡಿಲವಾಗಿ ದಾರ ಕಟ್ಟಿದರು. "ವ್ಯಾಯಾಮದ ಜೊತೆಗೆ ದಿನಾ ಎರಡು ಗಂಟೆ ಇದಿರಲಿ. ಎಡಗೈಯೊಂದೇ ದುಡೀತಾ ಇದ್ರೆ ಬಲಗೈ ಯಾಕೆ ಏಳುತ್ತೆ?"

"ಕೈ ಪೂರ್ತಿ ಬರುತ್ತಾ?" ಸೊಸೆ ಬಾಗಿಲ ತನಕ ಹೋಗಿ ಕೇಳಿದಳು.

"ಎರಡು ತಿಂಗಳ ಹಿಂದೆ ಕೇಳಿದ್ರೆ ಧೈರ್ಯವಾಗಿ ಹೇಳ್ತಿದ್ದೆ. ಈಗ ನೋಡೋಣ."

ಒಳಗೆ ಬಂದಾಗ ಅತ್ತೆ ಮುಖ ತಿರುಗಿಸಿದ್ದರು.

"ನಿನ್ನ ಯಾರು ಕೇಳಿದ್ರು ಬಾಯಿ ಬಿಡು ಅಂತ?"

"ನಿಮ್ಮ ಕೈ ಅತ್ತೆ..."

"ಕೈಯಂತೆ ಕೈ! ಐದು ತಿಂಗಳಿಂದ ನನ್ನ ಎತ್ತಿ ಕೂರಿಸ್ತೀರ, ಎತ್ತಿ ಮಲಗಿಸ್ತೀರ. ಆ ಒಂದು ಗಂಟೆ ನಾನೂ ಏನೋ ಕೆಲಸಕ್ಕೆ ಬರ್ತಿದ್ದೆ. ಅದನ್ನೂ ಕಿತ್ಕೊಂಡ್ಯಲ್ಲೇ."

ಸೊಸೆ ಅಂಗಡಿಗೆ ಫೋನ್ ಮಾಡಿ, ನಾಳೆಯ ಚೀಲ ಆಗುವುದಿಲ್ಲ, ಇನ್ನು ಮುಂದೆಯೂ ಆಗುವುದಿಲ್ಲ ಎಂದಳು. "ಸರಿ, ಬೇರೆಯವರಿಗೆ ಹೇಳ್ತೀವಿ ಬಿಡಿ" ಎಂದರು. ಅರ್ಧ ನಿಮಿಷದಲ್ಲಿ ಮುಗಿಯಿತು.

ನಾಲ್ಕಕ್ಕೆ ಅತ್ತೆಯ ಬಲಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡು ಕಿರುಬೆರಳು ಬಿಡಿಸತೊಡಗಿದಳು. ಅತ್ತೆ ಗೋಡೆ ನೋಡುತ್ತಿದ್ದರು.

"ನೋಯುತ್ತೆ ಕಣೆ."

"ಗೊತ್ತು ಅತ್ತೆ."

"ಗೊತ್ತಿದ್ರೆ ಆಗಲೇ ಮಾಡಿಸ್ಬೇಕಿತ್ತು."

ಸೊಸೆ ಉಂಗುರದ ಬೆರಳಿಗೆ ಬಂದಳು.