ಇಳಿಜಾರಿನಲ್ಲಿ ನೋಡಿದ ಗಾಡಿ

ಬೀರೂರಿನ ವಜೀರ್ ಸಾಬರದು ಬಾಡಿಗೆ ಜನರೇಟರಿನ ಕಸುಬು. ಆನೆಮರಿಯಂಥ ಜನರೇಟರನ್ನು ಎರಡು ಗಾಲಿಯ ಟ್ರೇಲರಿಗೆ ಬಿಗಿದು ಮದುವೆ ಮನೆಗಳಿಗೆ ಎಳೆದೊಯ್ಯುವುದು. ಕಡೂರು, ಅಜ್ಜಂಪುರದ ಬಯಲಿಗೆ ಹಳೆಯ ಟ್ರ್ಯಾಕ್ಟರೇ ಸಾಕಾಗಿತ್ತು. ಈ ವರ್ಷ ಬೆಟ್ಟದ ಎಸ್ಟೇಟುಗಳಿಂದಲೂ ಕರೆ ಬರತೊಡಗಿದ ಮೇಲೆ ಮಗ ಮುಬಶೀರ್ ಪಿಕಪ್ ಗಾಡಿ ಬೇಕೆಂದು ಹಟ ಹಿಡಿದ. ಅಂದಿನಿಂದ ಸಾಬರ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಗಾಡಿ ಯಾವುದಾದರೇನು, ಘಾಟಿಯಲ್ಲಿ ಅದನ್ನು ಓಡಿಸುವವನು ಇದ್ದೊಬ್ಬ ಮಗ.

ಕೊಳ್ಳಲೆಂದು ನೋಡಿದ ಗಾಡಿ ಎರಡು. ತರೀಕೆರೆಯ ಧನಪಾಲನದು ಹಳೆಯದು, ಮೈಭಾರದ್ದು, ಏರಿನಲ್ಲಿ ಏದುಸಿರು ಬಿಡುವಂಥದ್ದು. ಲಿಂಗದಹಳ್ಳಿಯ ರುದ್ರಮೂರ್ತಿಯದು ಹೊಸದು, ಹಗುರ, ಚಿಗರೆಯಂತೆ ನೆಗೆಯುವಂಥದ್ದು. ಮುಬಶೀರನ ಮನಸ್ಸೆಲ್ಲ ಇದರ ಮೇಲೆ. ಲೋಡು ಕಟ್ಟಿ ಘಾಟಿಯಲ್ಲಿ ನೋಡದೆ ಬೇಡವೆಂದು ಸಾಬರು ಪಟ್ಟು ಹಿಡಿದದ್ದರಿಂದ, ಅದಕ್ಕೆ ಟ್ರೇಲರಿನ ಕೊಂಡಿ ಹಾಕಿಕೊಂಡು ಅಪ್ಪ, ಮಗ, ರುದ್ರಮೂರ್ತಿ ಮೂವರೂ ಕಲ್ಲತ್ತಿಗಿರಿಯ ರಸ್ತೆ ಹಿಡಿದರು. ಸ್ಟೇರಿಂಗು ಹಿಡಿದವನು ಮುಬಶೀರ್.

ಹತ್ತುವಾಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹತ್ತಿತು.

"ಸಾಬ್ರೇ, ಉಸಿರಾದ್ರೂ ಬಿಡಿ! ಡೋರ್ ಕಿತ್ಕೊಂಡು ಕೈಗ್ ಬಂದಾತು," ಎಂದು ರುದ್ರಮೂರ್ತಿ ನಕ್ಕ.

"ಅಬ್ಬಾಗೆ ಸೈಕಲ್ ಹತ್ತಿದ್ರೂ ಭಯ ಕಣ್ರೀ," ಎಂದ ಮುಬಶೀರ್.

ಮೇಲೆ ತಿರುಗಿಸಿಕೊಂಡು ಇಳಿಯುವಾಗ ರುದ್ರಮೂರ್ತಿಯೇ ಹೇಳಿದ: "ಇನ್ನೇನಪ್ಪಾ, ಗೇರ್ ತೆಗ್ದು ನ್ಯೂಟ್ರಲ್ ಮಾಡು. ಡೀಸೆಲ್ ಉಳೀತದೆ. ನಾವೆಲ್ಲ ಹಂಗೇ ಇಳ್ಸೋದು."

ಆ ಕಡೆಯ ಡ್ರೈವರುಗಳಿಗೆ ಅದು ರೂಢಿ. ಅಡಿಕೆ ಮೂಟೆ ಹೇರಿದವರೂ ಹಾಗೇ ಇಳಿಸುತ್ತಾರೆ. ಆದರೆ ಮೂಟೆ ಗಾಡಿಯ ಬೆನ್ನ ಮೇಲೆ ಕೂತಿರುತ್ತದೆ, ಟ್ರೇಲರು ಬೆನ್ನಟ್ಟಿ ಬರುತ್ತದೆ. ಬೇಡವೆಂಬ ಮಾತು ಸಾಬರ ನಾಲಿಗೆಯ ತುದಿಗೆ ಬಂತು. ಮತ್ತೆ ನಗುತ್ತಾರೆಂದು ನುಂಗಿಕೊಂಡರು.

ಮೊದಲ ತಿರುವಿನಲ್ಲಿ ಹಿಂದಿನಿಂದ ಯಾರೋ ದೂಡಿದ ಹಾಗಾಯಿತು. ಮುಂದಿನದರಲ್ಲಿ ಗಾಡಿಯ ಹಿಂಭಾಗ ಅಡ್ಡಕ್ಕೆ ಜಾರಿತು. ಏನೋ ಸುಟ್ಟ ವಾಸನೆ.

"ಅಬ್ಬಾ, ಬ್ರೇಕ್ ಹಿಡೀತಿಲ್ಲ!"

ಗೇರಿಗೆ ಹಾಕಹೋದರೆ ಅದು ಕರಕರನೆ ಹಲ್ಲು ಕಡಿಯಿತೇ ಹೊರತು ಬೀಳಲಿಲ್ಲ. ಎಡಕ್ಕೆ ಪ್ರಪಾತ. ಕೆಳಗೆ ಮರಗಳ ನೆತ್ತಿಗಳಷ್ಟೇ ಕಾಣುತ್ತಿದ್ದವು.

"ಬಲಕ್ಕೆ ಕಣೋ! ಚರಂಡಿಗಿಳ್ಸು, ಗುಡ್ಡಕ್ಕೆ ಉಜ್ಜು!" ಆ ಕೂಗು ತಮ್ಮದೇ ಎಂದು ಸಾಬರಿಗೆ ತಿಳಿಯಲಿಲ್ಲ.

ಮಣ್ಣು, ಕಲ್ಲು, ತಗಡು ಒಟ್ಟಿಗೆ ಕಿರುಚಿದವು. ಗಾಡಿ ಚರಂಡಿಯಲ್ಲಿ ವಾಲಿ ನಿಂತಿತು. ಟ್ರೇಲರು ರಸ್ತೆಗೆ ಅಡ್ಡಲಾಗಿ ತಿರುಗಿ, ಒಂದು ಗಾಲಿ ಪ್ರಪಾತದ ಅಂಚಿಗೆ ಬಂದು ನಿಂತಿತ್ತು. ಸಾಬರು ಇಳಿದವರೇ ಸಿಕ್ಕ ಕಲ್ಲುಗಳನ್ನು ಗಾಲಿಗೆ ಅಡ್ಡ ಕೊಟ್ಟರು. ಮಗನ ಕೈ ಸ್ಟೇರಿಂಗು ಬಿಟ್ಟಿರಲಿಲ್ಲ. ಒಂದೊಂದೇ ಬೆರಳು ಬಿಡಿಸಬೇಕಾಯಿತು.

"ಏನೂ ಆಗಿಲ್ಲ, ಬಂಪರ್ ಅಷ್ಟೇಯ. ತಣ್ಣಗಾಗ್ಲಿ, ಗೇರಲ್ಲೇ ಇಳ್ಸು," ಎಂದ ರುದ್ರಮೂರ್ತಿ. "ನೀವಿಬ್ರೂ ಹತ್ರಿ. ನಾನು ಹಿಂದ್ಲಿಂದ ನಡ್ಕೊಂಡ್ ಬತ್ತೀನಿ."

ಮುಬಶೀರ್ ತಲೆ ಎತ್ತಿದ. "ನಿಮ್ದೇ ಗಾಡಿ, ಹತ್ತಿ ಅಣ್ಣಾ."

"ಸೊಂಟ ಹಿಡ್ಕೊಂಡದೆ ಕಣೋ."

"ಸೊಂಟ ಹಿಡ್ಕೊಂಡೋರು ಘಾಟಿ ಪೂರ್ತಿ ನಡೀತೀರಾ?"

ರುದ್ರಮೂರ್ತಿ ಬಂಪರ್ ನೋಡುವವನಂತೆ ಬಗ್ಗಿದ. ಮುಬಶೀರ್ ಕೊಂಡಿ ಕಳಚಿ, ಧನಪಾಲನಿಗೆ ಫೋನು ಮಾಡಿದ. "ಅಣ್ಣಾ, ನಿಮ್ ಗಾಡೀನೇ ತಗೋತೀವಿ. ಟ್ರೇಲರು ತಡೆಯೋಕೆ ಮೈಭಾರದ್ದೇ ಬೇಕು. ಇಲ್ಲಿಗೇ ತನ್ನಿ."

ರುದ್ರಮೂರ್ತಿಯನ್ನು ಅವನ ಗಾಡಿಯ ಹತ್ತಿರವೇ ಬಿಟ್ಟು, ಟ್ರೇಲರು ಕಾಯುತ್ತ ತಂದೆ ಮಗ ಗುಡ್ಡದ ಬದಿಗೆ ಕೂತರು. ಗಾಳಿ ಬೀಸಿದಾಗೆಲ್ಲ ಗಾಲಿ ಸರಿಯಿತೋ ಎಂದು ಇಬ್ಬರೂ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಕೆಳಗಿನ ತಿರುವಿನಿಂದ ಭಾರವಾದ ಗಾಡಿಯೊಂದರ ನರಳಾಟ ಕೇಳಿಸಿತು.

"ಅಬ್ಬಾ, ಇಳ್ಸೋವಾಗ ಪಕ್ಕ ಕೂತ್ಕೊತೀರಾ?"

"ಕೂತ್ಕೊತೀನಿ ಕಣೋ," ಎಂದರು ಸಾಬರು. ಮಗನ ಹೆಗಲು ಹಿಡಿದು ಎದ್ದರು. ಗಾಡಿ ಬಂದು ನಿಲ್ಲುವತನಕ ಆ ಹೆಗಲು ಬಿಡಲಿಲ್ಲ.